ಎಚ್ಚೆನ್ ಮೇಷ್ಟ್ರ ಫಿಸಿಕ್ಸು

ಫಸ್ಟ್ ಇಯರ್‌ನಲ್ಲಿ ಹುಡುಗರು ಎರಡು ಪಂಗಡ. ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್. ಫಿಸಿಕ್ಸ್ ಸೈಕಲ್‌ನವರಿಗೆ ಪರೀಕ್ಷೆಗೆ ಹದಿನೈದು ದಿನ ಇದೆ ಅನ್ನುವಾಗ ಸೀನಿಯರ್‌ಗಳ ರೂಮಿಗೆ ಓಡಾಟ ಶುರುವಾಗುತ್ತೆ. ಐದು ಮಾಡ್ಯೂಲ್‌ನಲ್ಲಿ ಯಾವುದನ್ನ ಬಿಟ್ಟರೂ ನಡೆಯುತ್ತೆ, ಯಾವ ಡೆರಿವೇಶನ್ ಪ್ರತಿ ಸಲ ಬರುತ್ತೆ, ಹಳೇ ಪ್ರಶ್ನೆಪತ್ರಿಕೆ ಪಿಡಿಎಫ್ ಯಾರ ಹತ್ತಿರ ಇದೆ, ಇಷ್ಟೇ ಮಾತು. ಪರೀಕ್ಷೆ ಮುಗಿದ ಸಂಜೆ ಲೇಸರ್, ಆಪ್ಟಿಕಲ್ ಫೈಬರ್, ಡಿ ಬ್ರಾಯ್ ಎಲ್ಲರನ್ನೂ ಒಟ್ಟಿಗೆ ಮರೆತು ಊರಿಗೆ ಹೋಗೋ ಬಸ್ ಹತ್ತುತ್ತೇವೆ. ಫಿಸಿಕ್ಸ್ ಅನ್ನೋದು ಒಂದು ಸೆಮಿಸ್ಟರಿನ ಸಂಬಂಧ ಅಷ್ಟೇ.

ಇದೇ ಫಿಸಿಕ್ಸನ್ನ ಸಾಯೋವರೆಗೂ ಬಿಡದ ಒಬ್ಬರಿದ್ದರು. ಹಾಗಂತ ಪರೀಕ್ಷೆಗೆ ಅಂಟಿಕೊಂಡವರೂ ಅಲ್ಲ. ಓದುತ್ತಿದ್ದಾಗಲೇ ಕಾಲೇಜು ಬಿಟ್ಟು ಜೈಲಿಗೆ ಹೋದವರು. ಡಾ. ಎಚ್. ನರಸಿಂಹಯ್ಯ. ಬೆಂಗಳೂರಿನವರ ಬಾಯಲ್ಲಿ ಬರೀ ಎಚ್ಚೆನ್. ಅವರು ತೀರಿಕೊಂಡಾಗ ನಮ್ಮಲ್ಲಿ ಬಹಳ ಜನ ಹುಟ್ಟಿರಲೇ ಇಲ್ಲ. ಹಾವೇರಿ ಕಡೆ ಅವರ ಹೆಸರು ಹೇಳಿದರೆ ಯಾವ ನರಸಿಂಹಯ್ಯ ಅಂತ ಕೇಳೋರೇ ಜಾಸ್ತಿ. ಅದಕ್ಕೇ ಬರೀತಿದ್ದೀನಿ.

ಹುಟ್ಟಿದ್ದು 1920ರ ಜೂನ್ 6. ಊರು ಗೌರಿಬಿದನೂರು ತಾಲ್ಲೂಕಿನ ಹೊಸೂರು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಮನೆಯಲ್ಲಿ ಬಡತನ. ಊರಿನ ಶಾಲೆಯಲ್ಲಿ ಇದ್ದಷ್ಟನ್ನು ಓದಿ ಮುಗಿಸಿದ ಮೇಲೆ ಮುಂದೆ ಹೈಸ್ಕೂಲೇ ಇರಲಿಲ್ಲ. ಅಲ್ಲಿಗೆ ಓದು ನಿಂತುಹೋಗಬೇಕಿತ್ತು, ಆ ಕಾಲದಲ್ಲಿ ಸಾವಿರಾರು ಹುಡುಗರದ್ದು ಹಾಗೇ ನಿಂತಿದೆ. ಆದರೆ ಅವರಿಗೆ ಪಾಠ ಹೇಳಿದ್ದ ಹೆಡ್‌ಮಾಸ್ಟರು ಎಂ. ಎಸ್. ನಾರಾಯಣರಾವ್ ಅಷ್ಟೊತ್ತಿಗೆ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದರು. ಶಿಷ್ಯನನ್ನ ಮರೆತಿರಲಿಲ್ಲ. ಬೆಂಗಳೂರಿಗೆ ಬಾ ಅಂತ ಕರೆಸಿಕೊಂಡರು.

ಕರೆ ಬಂತು, ಟಿಕೆಟ್ಟಿಗೆ ದುಡ್ಡಿಲ್ಲ. 1935ರಲ್ಲಿ ಹದಿನೈದು ವರ್ಷದ ಹುಡುಗ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದ. ಸುಮಾರು 85 ಕಿಲೋಮೀಟರ್, ಎರಡು ದಿನ. ನಮ್ಮ ಗೊಟಗೋಡಿಯಿಂದ ಹುಬ್ಬಳ್ಳಿಗೆ ಹೋಗಿ ವಾಪಸ್ ಬಂದರೆ ಹೆಚ್ಚುಕಡಿಮೆ ಅಷ್ಟಾಗುತ್ತೆ, ಹೈವೇ ಬಸ್ಸಲ್ಲೇ ಕೂತು ಕೂತು ಸೊಂಟ ಹಿಡಿಯುತ್ತೆ. ಲೆಕ್ಕ ಹಾಕಿ ನೋಡಿ, ಗಂಟೆಗೆ ಐದು ಕಿಲೋಮೀಟರಿನಂತೆ ದಿನಕ್ಕೆ ಎಂಟೂವರೆ ಗಂಟೆ, ಎರಡು ದಿನ, ಒಂದು ಅಡ್ಮಿಷನ್‌ಗೋಸ್ಕರ. ಆ ವರ್ಷಕ್ಕೆ ನ್ಯೂಟ್ರಾನ್ ಅನ್ನೋದು ಪತ್ತೆಯಾಗಿ ಮೂರೇ ವರ್ಷ ಆಗಿತ್ತು. ಸಿ. ವಿ. ರಾಮನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಎರಡು ವರ್ಷ. ದಾರಿಯಲ್ಲಿ ನಡೀತಿದ್ದ ಹುಡುಗನಿಗೆ ಇದ್ಯಾವುದೂ ಗೊತ್ತಿದ್ದಿರಲಾರದು. ಇಪ್ಪತ್ತೈದು ವರ್ಷ ಬಿಟ್ಟು ಅವನೇ ನ್ಯೂಕ್ಲಿಯರ್ ಫಿಸಿಕ್ಸಿನಲ್ಲಿ ಡಾಕ್ಟರೇಟ್ ತಗೊಂಡ.

ನ್ಯಾಷನಲ್ ಹೈಸ್ಕೂಲಿಗೆ ಸೇರಿದ ಮರುವರ್ಷ, ಅಂದ್ರೆ 1936ರಲ್ಲಿ, ಗಾಂಧೀಜಿ ಆ ಶಾಲೆಗೆ ಬಂದರು. ಅವರು ಹಿಂದಿಯಲ್ಲಿ ಮಾತಾಡಿದ್ದನ್ನು ಕನ್ನಡಕ್ಕೆ ಹೇಳೋ ಕೆಲಸ ಹಳ್ಳಿಯಿಂದ ಬಂದಿದ್ದ ಈ ವಿದ್ಯಾರ್ಥಿಗೆ ಸಿಕ್ಕಿತು. ಆಮೇಲೆ ಮೈಮೇಲೆ ಬಂದ ಖಾದಿ ಕೊನೇವರೆಗೂ ಹೋಗಲಿಲ್ಲ. ಫೋಟೋದಲ್ಲಿ ಕಾಣೋ ಎಚ್ಚೆನ್ ಯಾವಾಗಲೂ ಒಂದೇ ಥರ, ಖಾದಿ ಬಟ್ಟೆ, ಬಿಳಿ ಗಾಂಧಿ ಟೋಪಿ. ಕೈಯಲ್ಲಿ ಮಾತ್ರ ಫಿಸಿಕ್ಸ್.

ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಫಿಸಿಕ್ಸ್ ಆನರ್ಸ್. ಆಗ ಅದು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಹಳೇ ಮೈಸೂರಿನಲ್ಲಿ ಸೈನ್ಸ್ ಓದಬೇಕು ಅನ್ನೋರಿಗೆ ಅದಕ್ಕಿಂತ ದೊಡ್ಡ ಜಾಗ ಇರಲಿಲ್ಲ. ಬಡ ಮನೆಯ ಹುಡುಗ ಅಲ್ಲಿ ಆನರ್ಸ್ ಮುಗಿಸಿದ ಅಂದ್ರೆ ಒಂದು ಸರ್ಕಾರಿ ಕೆಲಸ ಗ್ಯಾರಂಟಿ, ಮನೆ ದಡ ಸೇರಿದ ಹಾಗೆ. ಆಗ ಬಂತು 1942ರ ಆಗಸ್ಟ್. ಕ್ವಿಟ್ ಇಂಡಿಯಾ.

ಸೆಂಟ್ರಲ್ ಕಾಲೇಜಿನ ಪಕ್ಕದಲ್ಲೇ ಮೈಸೂರು ಬ್ಯಾಂಕ್ ಸರ್ಕಲ್. ಆ ತಿಂಗಳು ಅಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಅವರ ಸ್ಮಾರಕ ಈಗಲೂ ಆ ಟ್ರಾಫಿಕ್ ಮಧ್ಯೆ ನಿಂತಿದೆ, ಸಿಗ್ನಲ್ ಹಸಿರಾಗಲಿ ಅಂತ ಕಾಯೋ ನಾವು ಅದರ ಕಡೆ ನೋಡೋದಿಲ್ಲ. ನರಸಿಂಹಯ್ಯ ಓದು ಬಿಟ್ಟು ಚಳವಳಿಗೆ ಇಳಿದರು, ಸಿಕ್ಕಿಬಿದ್ದರು. ಬೆಂಗಳೂರಿನ ಸೆಂಟ್ರಲ್ ಜೈಲು, ಮೈಸೂರಿನ ಜೈಲು, ಪುಣೆಯ ಯರವಾಡ ಜೈಲು. ಸೆಂಟ್ರಲ್ ಕಾಲೇಜಿನಿಂದ ಸೆಂಟ್ರಲ್ ಜೈಲಿಗೆ ನಡೆದು ಹೋಗೋ ದೂರ. ಆ ಜೈಲೇ ಈಗಿನ ಫ್ರೀಡಂ ಪಾರ್ಕ್.

ನಮ್ಮ ಕಡೆಯೂ ಅದೇ ಚಳವಳಿ ನಡೆದಿತ್ತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಹಾವೇರಿ ಧಾರವಾಡದಲ್ಲಿತ್ತು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದರು. ಅದನ್ನ ನಾವು ಶಾಲೆಯಲ್ಲಿ ಓದಿದ್ದೀವಿ. ಹುತಾತ್ಮರ ಕಥೆಯಲ್ಲಿ ಮುಂದೇನು ಅನ್ನೋ ಪ್ರಶ್ನೆ ಬರೋದಿಲ್ಲ. ಜೈಲಿಗೆ ಹೋಗಿ ವಾಪಸ್ ಬಂದ ವಿದ್ಯಾರ್ಥಿಯ ಕಥೆಯಲ್ಲಿ ಮಾತ್ರ ಅದು ಬರುತ್ತೆ. ಜೊತೆಯವರು ಮುಂದಿನ ಕ್ಲಾಸಿಗೆ ಹೋಗಿರ್ತಾರೆ, ಪುಸ್ತಕ ಮುಟ್ಟಿ ತಿಂಗಳುಗಳಾಗಿರುತ್ತೆ, ಪೊಲೀಸ್ ರೆಕಾರ್ಡಿನಲ್ಲಿ ಹೆಸರು ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇಯರ್ ಬ್ಯಾಕ್. ಬೇಕಂತಲೇ ತಗೊಂಡ ಇಯರ್ ಬ್ಯಾಕ್.

ಎಚ್ಚೆನ್ ವಾಪಸ್ ಬಂದು ಅದೇ ಕಾಲೇಜಿನ ಅದೇ ಆನರ್ಸ್ ಮುಗಿಸಿದರು, ಎಂಎಸ್ಸಿಯನ್ನೂ ಮಾಡಿಕೊಂಡರು. ನನಗೆ ಅವರ ಜೀವನದಲ್ಲಿ ಅತಿ ದೊಡ್ಡದಾಗಿ ಕಾಣೋದು ಇದೇ. ಜೈಲಿಗೆ ಹೋಗೋದಕ್ಕೆ ಧೈರ್ಯ ಬೇಕು, ನಿಜ. ಆದರೆ ಅವತ್ತು ಸಾವಿರಾರು ಜನ ಜೊತೆಗಿದ್ದರು, ಬೀದಿಯಲ್ಲಿ ಘೋಷಣೆ ಇತ್ತು. ಬಿಟ್ಟ ಪಾಠವನ್ನ ಮತ್ತೆ ಮೊದಲಿಂದ ಹಿಡಿಯೋಕೆ ಕೂತಾಗ ಯಾರೂ ಜೊತೆಗಿರಲ್ಲ. ಬ್ಯಾಕ್‌ಲಾಗ್ ಕ್ಲಿಯರ್ ಮಾಡಿದ ಯಾರನ್ನಾದರೂ ಕೇಳಿ, ಹೇಳ್ತಾರೆ.

1946ರಲ್ಲಿ ನ್ಯಾಷನಲ್ ಕಾಲೇಜಿಗೆ ಫಿಸಿಕ್ಸ್ ಲೆಕ್ಚರರ್ ಆಗಿ ಸೇರಿದರು. ಕಾಲೇಜು ಶುರುವಾಗಿ ಒಂದೇ ವರ್ಷ ಆಗಿತ್ತು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕೋಸ್ಕರ ಮೈಸೂರು ಚಲೋ ಚಳವಳಿ ನಡೆಯಿತು, ಕೆಲಸ ಬಿಟ್ಟು ಅದಕ್ಕೂ ಹೋದರು. ಮತ್ತೆ ಬಂದರು. ಹೋಗೋದು, ಬರೋದು, ಬಂದು ಬೋರ್ಡಿನ ಮುಂದೆ ನಿಲ್ಲೋದು.

ಹತ್ತು ವರ್ಷ ಪಾಠ ಹೇಳಿದ ಮೇಲೆ ಮತ್ತೆ ವಿದ್ಯಾರ್ಥಿಯಾದರು. ಈ ಸಲ ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿ. ವಯಸ್ಸು ಮೂವತ್ತೈದು ದಾಟಿತ್ತು. ಅಮೆರಿಕದಲ್ಲಿ ಪಿಎಚ್‌ಡಿ ಅಂದ್ರೆ ನೇರ ಥೀಸಿಸ್ ಬರೆಯೋದಲ್ಲ, ಮೊದಲು ಕ್ಲಾಸಿನಲ್ಲಿ ಕೂರಬೇಕು, ಹೋಮ್‌ವರ್ಕ್ ಮಾಡಬೇಕು, ಪರೀಕ್ಷೆ ಬರೀಬೇಕು. ತನ್ನ ಕ್ಲಾಸಿನಲ್ಲಿ ಕೂತಿದ್ದ ಹುಡುಗರ ವಯಸ್ಸಿನವರ ಜೊತೆ ಈಗ ತಾನೇ ಕೂತು ಪರೀಕ್ಷೆ ಬರೆಯೋದು ಅಂದ್ರೆ ಎಲ್ಲ ಮೇಷ್ಟ್ರಿಗೂ ಆಗೋ ಮಾತಲ್ಲ. 1960ರಲ್ಲಿ ಡಾಕ್ಟರೇಟ್ ಆಯ್ತು. ಅಲ್ಲೇ ಉಳಿಯಬಹುದಿತ್ತು, ಆ ಕಾಲದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿದವರಿಗೆ ಎಲ್ಲಿಯೂ ಬಾಗಿಲು ತೆರೆದಿತ್ತು. ಅವರು ಬಸವನಗುಡಿಗೆ ವಾಪಸ್ ಬಂದು ಪ್ರಿನ್ಸಿಪಾಲ್ ಆದರು.

1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಪ್ರತಿ ವಾರ ಸಂಜೆ ವಿಜ್ಞಾನದ ಬಗ್ಗೆ ಒಂದು ಉಪನ್ಯಾಸ. ಯಾರು ಬೇಕಾದರೂ ಬಂದು ಕೂರಬಹುದು. ಅಟೆಂಡೆನ್ಸ್ ಇಲ್ಲ, ಇಂಟರ್ನಲ್ ಮಾರ್ಕ್ಸ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ನಮ್ಮ ಕ್ಯಾಂಪಸ್ಸಿನಲ್ಲಿ ಆ್ಯಕ್ಟಿವಿಟಿ ಪಾಯಿಂಟ್ ಇಲ್ಲದ ಟಾಕ್‌ಗೆ ಎಷ್ಟು ಜನ ಬರ್ತಾರೆ ಅಂತ ಇದನ್ನ ಓದ್ತಿರೋ ಎಲ್ಲರಿಗೂ ಗೊತ್ತು. ಅಲ್ಲಿ ಜನ ಬರ್ತಿದ್ದರು, ಬಂದು ಪ್ರಶ್ನೆ ಕೇಳ್ತಿದ್ದರು. ಎಚ್ಚೆನ್‌ಗೆ ಅದೇ ಬೇಕಿತ್ತು. ಪ್ರಶ್ನೆ ಅನ್ನೋದು ಪೇಪರಿನ ಮೇಲೆ ಪ್ರಿಂಟ್ ಆಗಿ ಬರೋ ವಸ್ತು ಅಂತ ನಾವು ಅಂದ್ಕೊಂಡಿದ್ದೀವಿ, ಅವರ ಪ್ರಕಾರ ಅದನ್ನ ಹುಟ್ಟಿಸಬೇಕಾದವನು ವಿದ್ಯಾರ್ಥಿ.

1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಕುಲಪತಿಯಾದರೂ ಇದ್ದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲಿ. ಮದುವೆ ಆಗಿರಲಿಲ್ಲ, ಸ್ವಂತ ಮನೆ ಮಾಡಿರಲಿಲ್ಲ. ನಾವು ನಾಲ್ಕು ವರ್ಷದ ಹಾಸ್ಟೆಲ್ ಯಾವಾಗ ಮುಗಿಯುತ್ತೋ ಅಂತ ದಿನ ಎಣಿಸ್ತೀವಿ, ಅವರು ದಶಕಗಟ್ಟಲೆ ಅಲ್ಲೇ ಇದ್ದರು.

ಅವರ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದು 1976ರಲ್ಲಿ. ಪವಾಡಗಳನ್ನೂ, ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡೋಕೆ ವಿಶ್ವವಿದ್ಯಾಲಯದಿಂದ ಒಂದು ಸಮಿತಿ ಮಾಡಿದರು. ಆಗ ಪುಟ್ಟಪರ್ತಿಯ ಸಾಯಿಬಾಬಾ ಗಾಳಿಯಿಂದ ವಿಭೂತಿ, ಉಂಗುರ ತೆಗೆದುಕೊಡ್ತಾರೆ ಅಂತ ಲಕ್ಷಾಂತರ ಜನ ನಂಬಿದ್ದರು. ದೊಡ್ಡ ದೊಡ್ಡ ಅಧಿಕಾರಿಗಳು, ವಿಜ್ಞಾನಿಗಳೂ ಭಕ್ತರಾಗಿದ್ದರು. ಎಚ್ಚೆನ್ ಅವರಿಗೆ ಮೂರು ಪತ್ರ ಬರೆದರು, ಸಮಿತಿಯ ಮುಂದೆ ಪವಾಡ ಮಾಡಿ ತೋರಿಸಬೇಕು ಅಂತ. ಒಂದಕ್ಕೂ ಉತ್ತರ ಬರಲಿಲ್ಲ.

ಇದರಲ್ಲಿ ಕುಂಬಳಕಾಯಿಯ ಮಾತು ಪ್ರಸಿದ್ಧ. ಉಂಗುರ, ವಿಭೂತಿ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಲಿ ಅನ್ನೋದು ಎಚ್ಚೆನ್ ಅವರ ಸವಾಲು. ಜನ ಇದನ್ನ ಜೋಕ್ ಥರ ಹೇಳ್ತಾರೆ. ಫಿಸಿಕ್ಸ್ ಓದಿದವರು ಸ್ವಲ್ಪ ನಿಂತು ನೋಡಿದರೆ ಇದು ಬಹಳ ನೀಟಾದ ಎಕ್ಸ್‌ಪೆರಿಮೆಂಟ್. ಉಂಗುರ ತೋಳಿನ ಒಳಗೆ ಅಡಗುತ್ತೆ, ವಿಭೂತಿ ಬೆರಳ ಸಂದಿಯಲ್ಲಿ ಅಡಗುತ್ತೆ. ಶೂನ್ಯದಿಂದ ವಸ್ತು ಹುಟ್ಟೋದು ನಿಜವಾದರೆ ಅದರ ಸೈಜು ಎಷ್ಟಿದ್ದರೂ ಒಂದೇ ಆಗಬೇಕು. ಕೈಚಳಕ ಆದರೆ ಮಾತ್ರ ಸೈಜು ಮುಖ್ಯ. ಅಂದ್ರೆ ಎರಡು ವಿವರಣೆಗಳಲ್ಲಿ ಯಾವುದು ಸರಿ ಅಂತ ಬೇರ್ಪಡಿಸೋಕೆ ಒಂದೇ ಒಂದು ವೇರಿಯಬಲ್ ಬದಲಾಯಿಸಿದರೆ ಸಾಕು. ಖರ್ಚು ಒಂದು ಕುಂಬಳಕಾಯಿ. ಉತ್ತರ ಮೊದಲೇ ಗೊತ್ತಿದ್ದು ರೀಡಿಂಗ್ ಆಮೇಲೆ ಹುಟ್ಟೋ ಲ್ಯಾಬ್ ರೆಕಾರ್ಡು ಯಾವ ಕಾಲೇಜಿಗೂ ಹೊಸದಲ್ಲ. ಅದರ ಪಕ್ಕ ಈ ಎಕ್ಸ್‌ಪೆರಿಮೆಂಟ್ ಇಟ್ಟು ನೋಡಿ.

ಸಮಿತಿಗೆ ವಿರೋಧ ಬಂತು, ಬೈಗುಳ ಬಂತು. ವಿಶ್ವವಿದ್ಯಾಲಯಕ್ಕೆ ಇದೆಲ್ಲ ಯಾಕೆ ಬೇಕು ಅಂದವರೂ ಇದ್ದರು. 1977ರಲ್ಲಿ ಅವರ ಅವಧಿ ಮುಗಿಯಿತು, ಸಮಿತಿಯೂ ನಿಂತಿತು. ಪ್ರಯೋಗ ನಡೆಯಲೇ ಇಲ್ಲ ಅನ್ನೋದು ನನಗೆ ಬೇಜಾರಿನ ವಿಷಯ. ಪತ್ರಗಳು ಉಳಿದವು, ರೀಡಿಂಗ್ ಕಾಲಂ ಖಾಲಿ ಉಳಿಯಿತು.

ಗ್ರಹಣದ ವಿಷಯದಲ್ಲೂ ಅವರ ಹೋರಾಟ ನಿಲ್ಲಲಿಲ್ಲ. 1980ರ ಫೆಬ್ರವರಿ 16ರಂದು ಉತ್ತರ ಕರ್ನಾಟಕದ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಅವತ್ತು ಬಾಗಿಲು ಕಿಟಕಿ ಹಾಕಿಕೊಂಡು ಒಳಗೆ ಕೂತದ್ದನ್ನ ನಮ್ಮೂರ ಕಡೆ ಹಿರಿಯರು ಈಗಲೂ ಹೇಳ್ತಾರೆ. ಮನುಷ್ಯ ಜನ್ಮದಲ್ಲಿ ಒಮ್ಮೆ ಸಿಕ್ಕರೆ ಹೆಚ್ಚು ಅನ್ನೋ ದೃಶ್ಯ ತಲೆ ಮೇಲೇ ಬಂದಿತ್ತು, ಊರಿಗೆ ಊರೇ ಬೆನ್ನು ತಿರುಗಿಸಿ ಕೂತಿತ್ತು. ಇದೆಲ್ಲ ಹಳೇ ಕಾಲದ್ದು ಅನ್ನೋ ಹಾಗೂ ಇಲ್ಲ. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನ ವಾಸಿಯಾಗಲಿ ಅಂತ ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿಟ್ಟಿದ್ದರು. ಆ ಅಪ್ಪ ಅಮ್ಮಂದಿರನ್ನ ನೋಡಿ ನಗೋಕೆ ನನಗೆ ಬರೋದಿಲ್ಲ. ಯಾವ ಆಸ್ಪತ್ರೆಯಲ್ಲೂ ದಾರಿ ಕಾಣದೆ ಅಲ್ಲಿಗೆ ಬಂದಿರ್ತಾರೆ. ಆದರೆ ಆ ಮಣ್ಣು ಕೆದಕಿ ಮಗುವನ್ನ ಮೇಲೆತ್ತೋಕೆ ಯಾರಾದರೂ ಬೇಕಲ್ಲ. ಚಂದ್ರನ ನೆರಳು ಅಂದ್ರೇನು ಅಂತ ನಾವೆಲ್ಲ ಓದಿದ್ದೀವಿ, ಮಾರ್ಕ್ಸ್ ತಗೊಂಡಿದ್ದೀವಿ.

ಒಂದು ಮಾತಿನಲ್ಲಿ ಎಚ್ಚೆನ್ ಜೊತೆ ನನಗೆ ಸ್ವಲ್ಪ ತಕರಾರಿದೆ. ಹಾಲ್ ಟಿಕೆಟ್ಟನ್ನ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿಕೊಂಡು ಬರೋ ಗೆಳೆಯರಿದ್ದಾರೆ, ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಕಣ್ಣಿಗೊತ್ತಿಕೊಳ್ತಾರೆ. ಅದು ಮೂಢನಂಬಿಕೆನಾ, ಭಯಕ್ಕೆ ಒಂದು ಹಿಡಿಕೆನಾ? ಪರೀಕ್ಷಿಸಿ ನೋಡಬಹುದಾದ್ದು ಅನ್ನೋ ಷರತ್ತನ್ನ ಅವರ ಸಮಿತಿಯೇ ಹೆಸರಿನಲ್ಲಿ ಇಟ್ಟುಕೊಂಡಿತ್ತು. ಆ ಲೆಕ್ಕದಲ್ಲಿ ಕುಂಕುಮ ಹಚ್ಚಿಕೊಂಡವರ ಸಿಜಿಪಿಎ ಎಷ್ಟು, ಹಚ್ಚದವರದ್ದು ಎಷ್ಟು ಅಂತ ಯಾರಾದರೂ ಡೇಟಾ ತೆಗೆದರೆ ಎಚ್ಚೆನ್ ಖುಷಿಪಡ್ತಿದ್ದರೇನೋ.

ಕುಲಪತಿ ಹುದ್ದೆ ಮುಗಿದ ಮೇಲೆ ನ್ಯಾಷನಲ್ ಎಜುಕೇಷನ್ ಸೊಸೈಟಿಯ ಕೆಲಸ. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳು ಬಂದವು. ತಮ್ಮ ಊರಿನ ಕಡೆ ಹುಡುಗರು ಓದೋಕೆ ಎರಡು ದಿನ ನಡೀಬೇಕಾಗಿಲ್ಲ ಅನ್ನೋ ಹಾಗಾಯ್ತು. 1984ರಲ್ಲಿ ಪದ್ಮಭೂಷಣ. ಬೆಂಗಳೂರಿನ ನೆಹರೂ ತಾರಾಲಯದ ಕೆಲಸದಲ್ಲೂ ಅವರ ಕೈ ಇದೆ, ಸ್ಕೂಲ್ ಟ್ರಿಪ್ಪಿನಲ್ಲಿ ಅಲ್ಲಿ ತಲೆ ಎತ್ತಿ ಕೂತು ನಕ್ಷತ್ರ ನೋಡಿದವರು ನಮ್ಮಲ್ಲೂ ಇದ್ದೀರಿ. ಆತ್ಮಕಥೆಯ ಹೆಸರು ಹೋರಾಟದ ಹಾದಿ. ಸರಳ ಕನ್ನಡ, ನನ್ನ ಥರ ಇಂಗ್ಲಿಷ್ ಮೀಡಿಯಂನವರೂ ಆರಾಮಾಗಿ ಓದಬಹುದು.

2005ರ ಜನವರಿ 31ರಂದು ತೀರಿಕೊಂಡರು. ಆಗ 84 ವರ್ಷ. ಐನ್‌ಸ್ಟೈನ್ ಅವರ 1905ರ ಪೇಪರುಗಳಿಗೆ ನೂರು ತುಂಬಿತು ಅಂತ ವಿಶ್ವಸಂಸ್ಥೆ ಆ ವರ್ಷವನ್ನ ಭೌತಶಾಸ್ತ್ರದ ವರ್ಷ ಅಂತ ಘೋಷಿಸಿತ್ತು. ಅದು ಶುರುವಾಗಿ ಒಂದೇ ತಿಂಗಳಾಗಿತ್ತು.