ಕೊಳಚೆಯಲ್ಲಿ ಗೊಬ್ಬರ ಕಂಡ ಲೀಬಿಗ್

ಕೆಮಿಸ್ಟ್ರಿ ಲ್ಯಾಬ್‌ನ ಲೀಬಿಗ್ ಕಂಡೆನ್ಸರ್ ನಮಗೆಲ್ಲ ಗೊತ್ತು. ಅದನ್ನು ಕಂಡುಹಿಡಿದದ್ದು ಯುಸ್ಟಸ್ ಫಾನ್ ಲೀಬಿಗ್ ಅಲ್ಲ, ಜನಪ್ರಿಯ ಮಾಡಿದ್ದು ಅಷ್ಟೇ. ಅವರ ದೊಡ್ಡ ಚಿಂತೆ ಮಣ್ಣಿನದು.

1803ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಹುಟ್ಟಿದರು. 21ಕ್ಕೇ, ಅಂದ್ರೆ ಹೆಚ್ಚುಕಮ್ಮಿ ನಮ್ಮ ವಯಸ್ಸಲ್ಲೇ, ಗೀಸೆನ್‌ನಲ್ಲಿ ಪ್ರೊಫೆಸರ್ ಆದರು. ಗಿಡಕ್ಕೆ ಖನಿಜ ಸಿಗೋದು ಮಣ್ಣಿಂದ, ಬೆಳೆ ತೆಗೆದಷ್ಟೂ ಅದು ಖಾಲಿಯಾಗುತ್ತೆ, ವಾಪಸ್ ಕೊಡಲೇಬೇಕು ಅಂತ 1840ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಆಮೇಲೆ ತಾವೇ ಒಂದು ಗೊಬ್ಬರ ಮಾಡಿದರು. ಮಳೆಗೆ ಕೊಚ್ಚಿಹೋಗದಿರಲಿ ಅಂತ ಕರಗದ ಹಾಗೆ ಮಾಡಿದ್ದರಿಂದ ಬೇರಿಗೂ ಸಿಗದೆ ಅದು ಸೋತಿತು. ವಾದ ಮಾತ್ರ ಅವರು ಬಿಡಲಿಲ್ಲ.

ಆಗ ಲಂಡನ್ ಹೊಸ ಒಳಚರಂಡಿ ಕಟ್ಟಿ ಕೊಳಚೆಯನ್ನು ಥೇಮ್ಸ್ ಮೂಲಕ ಸಮುದ್ರಕ್ಕೆ ಬಿಡುತ್ತಿತ್ತು. ಊರು ತಿಂದ ಅನ್ನದ ರಂಜಕ, ಸಾರಜನಕ ಹೊಲಕ್ಕೆ ಮರಳಲಿ ಅಂತ ಲೀಬಿಗ್ 1865ರಲ್ಲಿ ಲಂಡನ್ ಮೇಯರ್‌ಗೆ ಪತ್ರ ಬರೆದರು. ಕೊಳಚೆ ಮಾತ್ರ ಸಮುದ್ರದ ದಾರಿಯನ್ನೇ ಹಿಡಿಯಿತು. 1873ರಲ್ಲಿ ಲೀಬಿಗ್ ಮ್ಯೂನಿಕ್‌ನಲ್ಲಿ ತೀರಿಕೊಂಡರು.

ಈಗ ಸ್ಲಡ್ಜ್‌ನಿಂದ ಹಿಂಡಿದ ನೀರಿಗೆ ಮೆಗ್ನೀಷಿಯಂ ಸೇರಿಸಿ ರಂಜಕ, ಅಮೋನಿಯಾವನ್ನು ಸ್ಟ್ರುವೈಟ್ ಹರಳಾಗಿ ತೆಗೀತಾರೆ. ಅದು ನಿಧಾನವಾಗಿ ಕರಗೋ ಗೊಬ್ಬರ. ಲಂಡನ್ ಪಕ್ಕದ ಸ್ಲೌ ಪಟ್ಟಣದ ಘಟಕದಲ್ಲಿ ಈ ಕೆಲಸ ಶುರುವಾದದ್ದು 2013ರಲ್ಲಿ. ಆ ಪತ್ರಕ್ಕೆ ಆಗ ಸುಮಾರು 150 ವರ್ಷ.