ಐವತ್ತೇಳನೆಯ ವಯಸ್ಸಿನಲ್ಲಿ ದನ ಸಾಕುವ ಪಾಠ

ಅಗಸೂರಿನಂಥ ಹಳ್ಳಿಯಲ್ಲಿ ಕೆಲಸಕ್ಕಿರುವ ಪಶುವೈದ್ಯರು ಊರು ಬಿಡದೆಯೇ ದೂರಶಿಕ್ಷಣದಿಂದ ಮೇಲಿನ ಓದು ಓದಬಹುದಾದ ಕಾಲ ಇದು. ಕೊಟ್ಟಿಗೆ ಬಿಟ್ಟು ಹೋಗಲಾಗದ ರೈತನಿಗೂ ಕಲಿಯುವ ಆಸೆ ಇರುತ್ತದೆ. ಆದರೆ ವಯಸ್ಸಾಯಿತು, ಇನ್ನೇನು ಓದು ಎಂದು ನಮ್ಮಲ್ಲಿ ಹಲವರು ಕೈಬಿಡುತ್ತಾರೆ. ಅಂಥವರು ಮಹಾತ್ಮಾ ಗಾಂಧಿಯವರ ಬಾಳಿನ ಈ ಭಾಗವನ್ನು ತಿಳಿಯಬೇಕು.

ಗಾಂಧೀಜಿ 1869ರ ಅಕ್ಟೋಬರ್ 2ರಂದು ಪೋರಬಂದರದಲ್ಲಿ ಹುಟ್ಟಿದರು. ಲಂಡನ್ನಿನಲ್ಲಿ ಕಾನೂನು ಓದಿದ್ದು, ದಕ್ಷಿಣ ಆಫ್ರಿಕದಲ್ಲಿ ಹೋರಾಡಿದ್ದು ಎಲ್ಲರಿಗೂ ಗೊತ್ತು. ಅವರ ದನದ ಕಥೆ ಬಲ್ಲವರು ಕಡಿಮೆ. ಹಾಲು ಇಳಿಸಲೆಂದು ಹಸುವಿಗೆ ಕೊಡುತ್ತಿದ್ದ ಫೂಕಾ ಎಂಬ ಹಿಂಸೆಯ ವಿಷಯ ತಿಳಿದು ಅವರಿಗೆ ಹಾಲೇ ಬೇಡವೆನಿಸಿತ್ತು. 1912ರಲ್ಲಿ ಹಾಲು ಬಿಟ್ಟರು. ಮುಂದೆ ಕಾಯಿಲೆ ಬಿದ್ದು ಜೀವಕ್ಕೆ ಅಪಾಯವಾದಾಗ, ಕಸ್ತೂರಬಾ ಅವರ ಮಾತಿನಂತೆ ಆಡಿನ ಹಾಲಿಗೆ ಒಪ್ಪಿದರು. ಹಸು, ಎಮ್ಮೆಯ ಹಾಲನ್ನು ಮುಟ್ಟಲಿಲ್ಲ. ಗೋವಿನ ಹಾಲು ಕುಡಿಯದ ಈ ಮನುಷ್ಯನೇ 1924ರಲ್ಲಿ ಬೆಳಗಾವಿಯ ಗೋರಕ್ಷಣಾ ಪರಿಷತ್ತಿನ ಅಧ್ಯಕ್ಷರಾದರು!

ಭಕ್ತಿಯೊಂದರಿಂದಲೇ ದನ ಉಳಿಯುವುದಿಲ್ಲವೆಂಬುದು ಅವರಿಗೆ ಬಲು ಬೇಗ ಮನದಟ್ಟಾಯಿತು. ಮೇವಿಲ್ಲದೆ ಸೊರಗಿದ, ತಳಿ ಕೆಟ್ಟ, ಹಾಲು ಕೊಡದ ದನವನ್ನು ಬಡ ರೈತ ಎಷ್ಟು ದಿನ ಸಾಕಿಯಾನು?

1927ರ ಮಾರ್ಚ್ ಕೊನೆಯಲ್ಲಿ ಪ್ರವಾಸದ ನಡುವೆ ಅವರ ಆರೋಗ್ಯ ಕೆಟ್ಟಿತು. ವೈದ್ಯರು ವಿಶ್ರಾಂತಿ ವಿಧಿಸಿದರು. ನಂದಿಬೆಟ್ಟದಲ್ಲಿದ್ದು, ಜೂನ್ ತಿಂಗಳಲ್ಲಿ ಬೆಂಗಳೂರಿನ ಕುಮಾರಪಾರ್ಕಿಗೆ ಬಂದರು. ಅಲ್ಲಿ ಸುಮ್ಮನೆ ಕೂರಲಿಲ್ಲ. 1923ರಲ್ಲಿ ಆರಂಭವಾಗಿದ್ದ ಇಂಪೀರಿಯಲ್ ಪಶುಪಾಲನಾ ಮತ್ತು ಹೈನುಗಾರಿಕೆ ಸಂಸ್ಥೆಗೆ ಹೋಗಿ ಸುಮಾರು ಹದಿನೈದು ದಿನ ದನ ಸಾಕಣೆಯ ವಿದ್ಯೆ ಕಲಿತರು. ಹೈನುಗಾರಿಕೆಯ ತಜ್ಞರಾದ ವಿಲಿಯಂ ಸ್ಮಿತ್ ಅಲ್ಲಿದ್ದರು. ಸರ್ಕಾರವನ್ನು ಎದುರಿಸಿ ಸೆರೆಮನೆ ಕಂಡವರು ಅದೇ ಸರ್ಕಾರದ ಕೊಟ್ಟಿಗೆಯಲ್ಲಿ ವಿದ್ಯಾರ್ಥಿಯಾಗಿ ನಿಂತರು. ಸಂದರ್ಶಕರ ಪುಸ್ತಕದಲ್ಲಿ ತಾನು ಸಾಬರಮತಿಯ ರೈತನೆಂದು ಬರೆದರು. ಬ್ಯಾರಿಸ್ಟರ್ ಎಂದಲ್ಲ, ನೋಡಿ.

ಗೋಶಾಲೆಗಳು ಮುದಿ ದನಗಳ ದೊಡ್ಡಿಯಾಗಿ ಉಳಿಯಬಾರದು, ಪೇಟೆಯ ಹೊರಗೆ ವಿಶಾಲ ಜಾಗದಲ್ಲಿರಬೇಕು, ಒಳ್ಳೆಯ ಹೋರಿ ಸಾಕಬೇಕು, ಶುದ್ಧ ಹಾಲು ಒದಗಿಸಬೇಕು, ಸತ್ತ ದನದ ಚರ್ಮವೂ ಹದವಾಗಿ ಉಪಯೋಗಕ್ಕೆ ಬರಬೇಕು ಎಂದು ಅವರು ತಮ್ಮ ಪತ್ರಿಕೆಗಳಲ್ಲಿ ಪ್ರತಿಪಾದಿಸಿದರು. ಚರ್ಮದ ಮಾತು ಹಲವು ಗೋಭಕ್ತರಿಗೆ ರುಚಿಸಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಮರುವರ್ಷ. 1928ರಲ್ಲಿ ಸಾಬರಮತಿ ಆಶ್ರಮದ ಒಂದು ಕರು ಊನಗೊಂಡು ಮಲಗಿತು. ಮಗ್ಗುಲಾಗಲೂ ಆಗದೆ ನರಳುತ್ತಿತ್ತು. ಚಿಕಿತ್ಸೆಗೆ ಬಂದವರು ಕೈಚೆಲ್ಲಿದರು. ಅಹಿಂಸೆಯ ವ್ರತ ಹಿಡಿದವರು ಏನು ಮಾಡಬೇಕು? ಗಾಂಧೀಜಿ ಆಶ್ರಮದವರೊಡನೆ ಚರ್ಚಿಸಿದರು. ಎಲ್ಲರೂ ಒಪ್ಪಲಿಲ್ಲ. ಕೊನೆಗೆ ತಾವೇ ಎದುರಿಗೆ ನಿಂತು, ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಸಂಕಟ ಮುಗಿಸಿದರು. ದೇಶದೆಲ್ಲೆಡೆಯಿಂದ ಸಿಟ್ಟಿನ ಪತ್ರಗಳು ಬಂದವು. ಅವರು ವಿಷಯವನ್ನು ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲೇ ಬರೆದು, ಮಾಡಿದ್ದನ್ನು ಸಮರ್ಥಿಸಿಕೊಂಡರು. ಕೊಟ್ಟಿಗೆಯಲ್ಲಿ ಇಂಥ ರಾತ್ರಿ ಕಳೆದ ರೈತನಿಗೆ ಈ ಸಂಕಟ ಅರ್ಥವಾದೀತು.

ನಮ್ಮ ಅಂಕೋಲೆ 1930ರಲ್ಲಿ ಅವರ ಕರೆಗೆ ಓಗೊಟ್ಟು ಉಪ್ಪು ಮಾಡಿತು. 1934ರಲ್ಲಿ ಹರಿಜನ ಪ್ರವಾಸದಲ್ಲಿ ಅವರೇ ಈ ಸೀಮೆಗೆ ಬಂದರು. 1941ರಲ್ಲಿ ಅವರ ಪ್ರೇರಣೆಯಿಂದ ಜಮ್ನಾಲಾಲ್ ಬಜಾಜರು ಗೋಸೇವಾ ಸಂಘದ ಹೊಣೆ ಹೊತ್ತರು. ಅವರು ಕಲಿತ ಸಂಸ್ಥೆಯ ಮುಖ್ಯ ಕೇಂದ್ರ 1955ರಲ್ಲಿ ಕರ್ನಾಲಿಗೆ ಹೋಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ದಕ್ಷಿಣ ಕೇಂದ್ರ ಉಳಿಯಿತು.

ಗಾಂಧೀಜಿ ತೀರಿಕೊಂಡದ್ದು 1948ರ ಜನವರಿ 30ರಂದು. ಆ ದಿನದ ಊಟದಲ್ಲಿಯೂ ಅವರು ಕುಡಿದದ್ದು ಆಡಿನ ಹಾಲು.