ಶಸ್ತ್ರವೈದ್ಯ ಆಂಬ್ರೋಸ್ ಪಾರೆ

ಹದಿನಾರನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ವೈದ್ಯವೃತ್ತಿಗೂ ಮೇಲುಕೀಳಿನ ಮೆಟ್ಟಿಲುಗಳಿದ್ದವು. ಲ್ಯಾಟಿನ್ ಬಲ್ಲ ಪಂಡಿತವೈದ್ಯರು ಪ್ರಾಚೀನ ಗ್ರಂಥಗಳನ್ನು ನೋಡಿ ಮದ್ದು ವಿಧಿಸುತ್ತಿದ್ದರು. ರಕ್ತ ಮುಟ್ಟುವುದು ಅವರ ಘನತೆಗೆ ಕುಂದೆನಿಸಿತ್ತು. ಗಾಯ ಕಟ್ಟುವ, ಹುಣ್ಣು ಕೊಯ್ಯುವ ಕೆಲಸ ಬಹುಮಟ್ಟಿಗೆ ಕ್ಷೌರಿಕರ ಪಾಲಿಗೆ ಬಂದಿತ್ತು. 1510ರ ಸುಮಾರಿನಲ್ಲಿ ಲವಾಲ್ ಪಟ್ಟಣದ ಬಳಿ ಜನಿಸಿದ ಆಂಬ್ರೋಸ್ ಪಾರೆ ಈ ಕೆಳಮೆಟ್ಟಿಲಿನಿಂದಲೇ ಬಂದವನು. ಲ್ಯಾಟಿನ್ ಪಾಂಡಿತ್ಯ ಆತನಿಗೆ ದಕ್ಕಲಿಲ್ಲ. ಪ್ಯಾರಿಸ್ಸಿನ ಓತೆಲ್ ದ್ಯೂ ಆಸ್ಪತ್ರೆಯೇ ಆತನ ವಿದ್ಯಾಲಯವಾಯಿತು.

1537ರ ಸುಮಾರಿಗೆ ಫ್ರೆಂಚ್ ಸೇನೆಯೊಡನೆ ಆತನು ಇಟಲಿಯ ಟ್ಯೂರಿನ್ ಪ್ರಾಂತಕ್ಕೆ ಹೋದನು. ಅದೇ ಆತನು ಕಂಡ ಮೊದಲ ಯುದ್ಧ. ಕೋವಿಯ ಗಾಯದಲ್ಲಿ ಸಿಡಿಮದ್ದಿನ ವಿಷ ಸೇರುವುದೆಂದೂ, ಕುದಿಯುವ ಎಣ್ಣೆ ಹೊಯ್ದು ಅದನ್ನು ಸುಡಬೇಕೆಂದೂ ಇಟಲಿಯ ವೈದ್ಯ ಜಿಯೋವಾನಿ ದ ವೀಗೊ ಬರೆದಿದ್ದನು. ಪಾರೆಯೂ ಹಾಗೆಯೇ ಮಾಡತೊಡಗಿದನು. ಗಾಯಾಳುಗಳು ಹೆಚ್ಚಿದರು; ಎಣ್ಣೆ ಮುಗಿಯಿತು. ನಿರುಪಾಯನಾಗಿ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಉಳಿದವರ ಗಾಯಗಳಿಗೆ ಹಚ್ಚಿದನು. ಆ ರಾತ್ರಿ ಆತನಿಗೆ ನಿದ್ರೆ ಬರಲಿಲ್ಲ. ಸುಡದೆ ಬಿಟ್ಟವರೆಲ್ಲ ವಿಷವೇರಿ ಸತ್ತಿರುವರೆಂಬ ಭೀತಿಯಿಂದ ನಸುಕಿನಲ್ಲೇ ಎದ್ದು ಹೋಗಿ ನೋಡಿದರೆ, ಲೇಪ ಪಡೆದವರು ಹೆಚ್ಚು ನೋವಿಲ್ಲದೆ ಮಲಗಿದ್ದರು. ಎಣ್ಣೆಯಿಂದ ಬೆಂದವರು ಜ್ವರ, ಬಾವುಗಳಿಂದ ನರಳುತ್ತಿದ್ದರು. ಅಂದಿನಿಂದ ಪಾರೆ ಆ ಕ್ರೂರ ಚಿಕಿತ್ಸೆಯನ್ನು ತ್ಯಜಿಸಿದನು.

ಈ ಅನುಭವವನ್ನು ಆತನು 1545ರಲ್ಲಿ ಪುಸ್ತಕವಾಗಿಸಿದ್ದು ಜನರಾಡುವ ಫ್ರೆಂಚಿನಲ್ಲಿ. ಸೈನ್ಯದ ಹಿಂದೆ ಅಲೆಯುವ ಕ್ಷೌರಿಕನೂ ಅದನ್ನು ಓದಬಹುದಾಗಿತ್ತು. ಮುಂದೆ 1552ರಲ್ಲಿ ದಾಂವಿಲೆ ಮುತ್ತಿಗೆಯಲ್ಲಿ ಕಾಲು ಕತ್ತರಿಸಿದಾಗ, ಕಾದ ಕಬ್ಬಿಣದಿಂದ ಸುಡದೆ ರಕ್ತನಾಳಗಳನ್ನು ದಾರದಿಂದ ಕಟ್ಟಿದನು. ರಕ್ತನಾಳ ಕಟ್ಟುವುದು ಪ್ರಾಚೀನ ಗ್ರೀಕ್ ವೈದ್ಯ ಗೇಲನ್ನನಿಗೂ ತಿಳಿದಿತ್ತು. ಅಂಗಚ್ಛೇದನದಲ್ಲಿ ಅದನ್ನು ಬಳಕೆಗೆ ತಂದ ಶ್ರೇಯಸ್ಸು ಪಾರೆಯದು.

ಎರಡನೆಯ ಹೆನ್ರಿಯಿಂದ ಮೂರನೆಯ ಹೆನ್ರಿಯವರೆಗೆ ನಾಲ್ವರು ದೊರೆಗಳ ಸೇವೆ ಆತನಿಗೆ ಲಭಿಸಿತು. 1559ರಲ್ಲಿ ಭರ್ಜಿಕಾಳಗದ ಕ್ರೀಡೆಯಲ್ಲಿ ಗಾಯಗೊಂಡ ದೊರೆಯನ್ನು ಮಾತ್ರ ಉಳಿಸಲಾಗಲಿಲ್ಲ. ಅಂಗರಚನಾಶಾಸ್ತ್ರದ ಮಹಾಪಂಡಿತ ವೆಸೇಲಿಯಸ್ ಬಂದರೂ ಫಲವಾಗಲಿಲ್ಲ. ಪಾರೆಯೂ ತನ್ನ ಕಾಲದ ಮನುಷ್ಯನೇ. ವಿಚಿತ್ರಜೀವಿಗಳನ್ನು ಕುರಿತು ಆತನು ಬರೆದ ಗ್ರಂಥದಲ್ಲಿ ನಂಬಲಾಗದ ಕತೆಗಳು ಹೇರಳವಾಗಿವೆ.

1575ರಲ್ಲಿ ಸಮಗ್ರ ಕೃತಿಗಳು ಅಚ್ಚಾದಾಗ ಪ್ಯಾರಿಸ್ಸಿನ ಪಂಡಿತವೈದ್ಯರು ಸಿಡಿದೆದ್ದರು. ಅವರ ಮುಂದಾಳು ಗೂರ್ಮೆಲೆನ್ ರಕ್ತನಾಳ ಕಟ್ಟುವ ಕ್ರಮವನ್ನೂ ಮುಂದೆ ಖಂಡಿಸಿದನು. ಎಪ್ಪತ್ತು ದಾಟಿದ ಪಾರೆ 1585ರಲ್ಲಿ ಉತ್ತರ ಬರೆದನು: ಪೀಠದಿಂದ ಇಳಿಯದವನಿಗೆ ತಾನು ತಿರುಗಿದ ರಣರಂಗಗಳನ್ನು ಒಂದೊಂದಾಗಿ ಹೆಸರಿಸಿ, ಅಲ್ಲಿ ಕಂಡದ್ದನ್ನು ವಿವರಿಸಿದನು. 1590ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿಯೇ ತೀರಿಕೊಂಡನು.